ಕೆಲಸ ನೋಡುವ ಶಾಸ್ತ್ರದ ಮೇಷ್ಟ್ರು

ಮಕ್ಕಳೇ, ಹೋದ ತಿಂಗಳು ಮಾಗಡಿಯಿಂದ ಬಂದ ನೆಂಟರೊಬ್ಬರು ಕಾಫಿ ಕುಡಿಯುತ್ತಾ, ಬೇರೇನೋ ಮಾತಿನ ನಡುವೆ, ನಮ್ಮ ಹಳೆಯ ಮೇಷ್ಟ್ರು ತೀರಿಕೊಂಡರು ಎಂದು ಹೇಳಿದರು. ಬಹಳ ವಯಸ್ಸಾಗಿತ್ತಂತೆ. ನಾನು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದೆ. ಅದೇ ವಾರ ನಿಮ್ಮಲ್ಲಿ ದೊಡ್ಡವನು ಪರೀಕ್ಷೆ ಮುಗಿಸಿ ಬಂದಿದ್ದ. ಅವನು ಮುಂದೆ ಏನಾಗಬೇಕು ಎಂದು ಮನೆಯಲ್ಲಿ ದಿನವೂ ಮಾತು. ಒಬ್ಬರು ವಕೀಲ ಅಂದರು, ಒಬ್ಬರು ಇಂಜಿನಿಯರು ಅಂದರು. ಅವನು ಮಾತ್ರ ನನ್ನ ಕಡೆ ತಿರುಗಿ, "ಅಜ್ಜಿ, ನೀನು ಹೇಳು" ಅಂದ. ಎಲ್ಲರ ಮುಂದೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೇಷ್ಟ್ರ ಹೆಸರು ಬರೆಯುವುದಿಲ್ಲ. ಊರಲ್ಲಿ ಅವರನ್ನು ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ಈಗ ನಾನು ಬರೆದರೆ ಯಾವನೋ ಬೇರೆಯವನ ಕಥೆ ಆಗುತ್ತದೆ. ಅವರು ಮಾಗಡಿ ಪೇಟೆಯವರು, ಅವರಪ್ಪನದು ಬಟ್ಟೆ ಅಂಗಡಿ. ಹಣೆಯ ತುಂಬ ವಿಭೂತಿ, ಕುತ್ತಿಗೆವರೆಗೆ ಗುಂಡಿ ಹಾಕಿದ ಕರಿಕೋಟು, ತಲೆಗೆ ರುಮಾಲು, ಕಂಕುಳಲ್ಲಿ ಕೊಡೆ. ಮಳೆ ಬಂದರೂ ಆ ಕೊಡೆ ಬಿಚ್ಚಿದ್ದನ್ನು ನಾನು ನೋಡಿಲ್ಲ. ಕೇಳಿದರೆ, ಒದ್ದೆಯಾದರೆ ಒಣಗಿಸಲು ಜಾಗ ಇಲ್ಲ ಎನ್ನುತ್ತಿದ್ದರು. ಕೊಡೆಗೆ ಜಾಗವಿಲ್ಲವೋ ತಮಗೇ ಇಲ್ಲವೋ, ಅದನ್ನು ಹೇಳುತ್ತಿರಲಿಲ್ಲ.

ನಮ್ಮೂರು ತಿಪ್ಪಸಂದ್ರದಿಂದ ಇನ್ನೂ ಒಳಗೆ. ಮಹಾರಾಜರ ಕಾಲ. ಪ್ಲೇಗಿನ ಭಯ ಜನರ ಮೈಯಿಂದ ಪೂರ್ತಿ ಇಳಿದಿರಲಿಲ್ಲ. ಇಲಿ ಸತ್ತು ಬಿದ್ದರೆ ಊರಿಗೆ ಊರೇ ಗಂಟು ಕಟ್ಟುತ್ತಿತ್ತು. ಸಮುದ್ರದಾಚೆ ದೊಡ್ಡ ಯುದ್ಧ ನಡೆಯುತ್ತಿದೆ ಎಂದು ಮೇಷ್ಟ್ರು ಹೇಳಿದರೆ ನಾವು ಮಕ್ಕಳು ಬೆಟ್ಟದಾಚೆ ಕಿವಿಗೊಟ್ಟು ಕೂರುತ್ತಿದ್ದೆವು. ಶಾಲೆಯೆಂದರೆ ಗುಡಿಯ ಪಕ್ಕದ ಚಾವಡಿ. ಹುಡುಗಿಯರು ನಾವು ಮೂವರೋ ನಾಲ್ವರೋ ಕಂಬದ ಹಿಂದೆ ಕೂರುತ್ತಿದ್ದೆವು.

ಮೇಷ್ಟ್ರು ಮಾತಾಡುವಾಗ ಎದುರಿದ್ದವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಹುಡುಗನ ಬೆರಳು ಸುಮ್ಮನಿದೆಯೋ, ಹುಲ್ಲು ಹೆಣೆಯುತ್ತಿದೆಯೋ, ಮಣ್ಣು ಕಲಸುತ್ತಿದೆಯೋ ಎಂದು ನೋಡುತ್ತಲೇ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ಹೊಸದಾಗಿ ಬಂದಾಗ ಊರ ಹೆಂಗಸರು ಅವರು ಎದುರಾದರೆ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದರು. ಕೈ ನೋಡಿ ಮುಂದಾಗುವುದನ್ನು ಹೇಳುತ್ತಾರೆ ಎಂದು ಯಾರೋ ಹಬ್ಬಿಸಿದ್ದರು. ಮುಂದಾಗುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಮ್ಮ ಮನೆಯ ಅಂಗಳಕ್ಕೆ ಅವರು ಬರುತ್ತಿರಲಿಲ್ಲ.

ಅವರು ತಾವೇ ಒಂದು ಶಾಸ್ತ್ರ ಹುಟ್ಟುಹಾಕಿದ್ದರು. ನಾಲ್ಕನೇ ತರಗತಿ ಮುಗಿದ ಹುಡುಗ ಮನೆಯ ಕೆಲಸಕ್ಕೆ ಕೈಹಾಕುವ ಮೊದಲು, ಎಲೆ ಅಡಿಕೆ ತೆಂಗಿನಕಾಯಿ ಹಿಡಿದು ಮೂರು ಕಡೆ ಹೋಗಿ ಕೆಲಸ ನೋಡಿಕೊಂಡು ಬರಬೇಕು. ಅಲ್ಲಿ ಕೂತು ಸುಮ್ಮನೆ ನೋಡಬೇಕು, ಮಾಡಿಸಿದರೆ ಮಾಡಬೇಕು. ಕಮ್ಮಾರನ ಕುಲುಮೆ, ಕುಂಬಾರನ ಚಕ್ರ, ಕ್ಲೋಸ್‌ಪೇಟೆಯ ರೇಷ್ಮೆ ನೂಲು ತೆಗೆಯುವ ಒಲೆ (ಈಗ ನೀವು ರಾಮನಗರ ಅನ್ನುವ ಊರೇ ಅದು), ಚನ್ನಪಟ್ಟಣದಲ್ಲಿ ಹಾಲೆಮರ ಕಡೆದು ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವ ಮನೆಗಳು, ಹೀಗೆ ಯಾವುದಾದರೂ ಮೂರು. ದೂರದ ಊರಾದರೆ ನೆಂಟರ ಮನೆಯಲ್ಲಿ ಇಳಿಸಿ ಬರುತ್ತಿದ್ದರು.

ಊರ ಹಿರಿಯರು ನಗುತ್ತಿದ್ದರು. ಒಂದು ಸಲ ಅರಳಿಕಟ್ಟೆಯಲ್ಲಿ ಇದೇ ಮಾತು ಬಂದಾಗ ಮೇಷ್ಟ್ರು ನೆಲ ನೋಡಿಕೊಂಡೇ ಹೇಳಿದರು: "ಹೆಣ್ಣು ತರಬೇಕಾದ್ರೆ ಹೋಗಿ ನೋಡ್ಕೊಂಡು ಬರ್ತೀರಿ. ಎತ್ತು ತರಬೇಕಾದ್ರೆ ಬಾಯಿ ಬಿಡಿಸಿ ಹಲ್ಲು ನೋಡ್ತೀರಿ. ಸಾಯೋವರೆಗೂ ಮಾಡೋ ಕೆಲಸಾನ ಮಾತ್ರ ಕಣ್ಣುಮುಚ್ಕೊಂಡು ಮಕ್ಕಳ ತಲೆ ಮೇಲೆ ಹೊರಿಸ್ತೀರಿ."

ನಮ್ಮಪ್ಪ ಅಲ್ಲೇ ಇದ್ದ. "ಆಯ್ತು ಮೇಷ್ಟ್ರೇ, ಹೊಲ ಉಳೋದನ್ನ ಯಾವೂರಿಗೆ ಕರ್ಕೊಂಡೋಗಿ ತೋರಿಸ್ತೀರಿ?" ಎಂದು ಕೆಣಕಿದ.

"ನಿಮ್ಮ ಹೊಲಕ್ಕೇ ಕಳಿಸ್ತೀನಿ ಗೌಡ್ರೇ. ಎಲೆ ಅಡಿಕೆ ಹಿಡ್ಕೊಂಡು ಬರ್ತಾನೆ, ಒಸಿ ಮರ್ಯಾದೆಯಿಂದ ಮಾತಾಡ್ಸಿ."

ಎಲ್ಲರೂ ನಕ್ಕರು, ಅಪ್ಪನೂ ನಕ್ಕ.

ನೋಡಿಕೊಂಡು ಬಂದ ಹುಡುಗನಿಗೆ ಅವರು ಎರಡೇ ಪ್ರಶ್ನೆ ಕೇಳುತ್ತಿದ್ದರು. ಯಾವ ಕಡೆ ಕೂತಾಗ ಹಸಿವು ಮರೆತುಹೋಯಿತು? ಮನೆಗೆ ಬಂದಮೇಲೆ ಯಾರೂ ಹೇಳದೆ ಕೈ ಏನು ಮಾಡಿತು? ಪಟೇಲರ ಮಗ ಕ್ಲೋಸ್‌ಪೇಟೆಯಲ್ಲಿ ರೈಲು ನೋಡಿ ಬಂದು, ತಾನು ಹಸಿರು ಬಾವುಟ ತೋರಿಸುವವನೇ ಆಗುತ್ತೇನೆ ಎಂದು ಕುಣಿದ. ಅಲ್ಲಿ ಹಸಿವು ಮರೆತೆಯಾ ಎಂದು ಮೇಷ್ಟ್ರು ಕೇಳಿದರು. "ಇಲ್ಲ ಸಾ, ರೈಲು ಹೋದೇಟ್ಗೆ ಹಸಿವಾಯ್ತು" ಎಂದ. ಹಾಗಾದರೆ ನೀನು ನೋಡಿದ್ದು ಬಾವುಟ, ಕೆಲಸ ಅಲ್ಲ, ರೈಲು ಇಲ್ಲದ ಹೊತ್ತಿನಲ್ಲಿ ಅವನು ಏನು ಮಾಡುತ್ತಾನೆ ನೋಡಿಕೊಂಡು ಬಾ ಎಂದು ಮತ್ತೆ ಕಳಿಸಿದರು. ಎರಡನೇ ಸಲ ಬಂದವನು ಬಾವುಟದ ಮಾತೇ ಎತ್ತಲಿಲ್ಲ. ಇನ್ನೊಬ್ಬ ಅಗಸರ ಹುಡುಗ ಚನ್ನಪಟ್ಟಣದಿಂದ ಬಂದಮೇಲೆ ಊಟಕ್ಕೆ ಕೂತಲ್ಲೂ ರಾಗಿಮುದ್ದೆಯನ್ನು ಬುಗುರಿಯ ಹಾಗೆ ತಿರುಗಿಸಿ ತಿರುಗಿಸಿ ಅವರವ್ವನ ಕೈಲಿ ಬೈಸಿಕೊಂಡ. ಅವನು ಅಲ್ಲೇ ಕಡೆಯುವ ಕೆಲಸಕ್ಕೆ ಸೇರಿ, ಕೊನೆಯವರೆಗೂ ಬಣ್ಣದ ಬೆರಳಿನಲ್ಲೇ ಬದುಕಿದ.

ದೊಡ್ಡವನೇ, ನೀನು ಕೇಳಿದ್ದಕ್ಕೆ ನನಗೆ ಗೊತ್ತಿರುವುದು ಇಷ್ಟೇ. ಹೆಸರು ನೋಡಿ ಕೆಲಸ ಆರಿಸಬೇಡ. ಆ ಕೆಲಸ ಮಾಡುವವರ ಪಕ್ಕದಲ್ಲಿ, ನೋಡಲು ಚೆನ್ನಾಗಿಲ್ಲದ ಹೊತ್ತಿನಲ್ಲಿ ಹೋಗಿ ಕೂತು ನೋಡು. ಆದರೆ ಇದನ್ನು ಹೇಳಿ ನಿಲ್ಲಿಸಿದರೆ ಮೇಷ್ಟ್ರ ಕಥೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಕೆಲಸ ತೋರಿಸುವುದಕ್ಕೂ ಒಂದು ಬೆಲೆ ಇದೆ. ಅದನ್ನು ಅವರು ನಮ್ಮ ಮನೆಯಲ್ಲಿ ತಿಳಿದುಕೊಂಡರು.

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ನಮ್ಮ ಕಡೆಯ ಗೂಡು ನೂಲು ತೆಗೆಯುವುದಕ್ಕಿಂತ ಬಿತ್ತನೆಗೆ ಹೋಗುತ್ತಿತ್ತು. ಎಂದರೆ ನಮ್ಮ ಗೂಡಿನಿಂದ ಚಿಟ್ಟೆ ಹೊರಬಂದು ಮೊಟ್ಟೆ ಇಟ್ಟರೆ, ಆ ಮೊಟ್ಟೆಯಿಂದ ಬೇರೆ ಊರುಗಳವರು ಹುಳು ಎಬ್ಬಿಸುತ್ತಿದ್ದರು. ಹುಳು ಮನೆ ನಮಗೆ ದೇವರ ಮನೆಗಿಂತ ಹೆಚ್ಚು. ಬಾಗಿಲಿಗೆ ಬೇವಿನ ಸೊಪ್ಪು, ಮುಳ್ಳಿನ ಕೊಂಬೆ. ಹೊಸ್ತಿಲ ಮೇಲೆ ಬೂದಿಯ ಗೆರೆ. ಹೊರಗಿನವರ ನೆರಳು ಬೀಳಬಾರದು. ಒಳಗೆ ಹೋಗುವವರು ನಮ್ಮವ್ವ ಮತ್ತು ನಮ್ಮಜ್ಜಿ, ಇಬ್ಬರೇ. ನಮ್ಮಜ್ಜಿ ಎಂದರೆ ಅಪ್ಪನ ತಾಯಿ; ಮನೆ ನಡೆಯುತ್ತಿದ್ದದ್ದು ಅವಳ ಮಾತಿನಲ್ಲಿ.

ಅತ್ತೆ ಇದ್ದಳು, ಅಪ್ಪನ ತಂಗಿ. ಅಕ್ಕೂರಿಗೆ ಕೊಟ್ಟಿದ್ದರು. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ಹೋದ, ಅತ್ತೆ ಹಿಂದಿರುಗಿ ಬಂದಳು. ಆಗ ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ. ಗಂಡನ ಮನೆಯಲ್ಲಿ ಹುಳು ಮನೆ ಪೂರ್ತಿ ಅವಳ ಕೈಲೇ ಇತ್ತಂತೆ. ಇಲ್ಲಿ ಅವಳು ಹುಳು ಮನೆಯ ಹೊಸ್ತಿಲು ತುಳಿಯುವ ಹಾಗಿರಲಿಲ್ಲ. ಬೆಳಗಾಗೆದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊತ್ತು ತಂದು, ಬೂದಿಯ ಗೆರೆಯ ಈಚೆ ಇಡಬೇಕು. ಅವ್ವ ಒಳಗಿನಿಂದ ಎಳೆದುಕೊಳ್ಳುತ್ತಿದ್ದಳು. ತಾನು ಮೇವು ತರುವ ಹುಳುವನ್ನು ಅತ್ತೆ ಒಂದು ದಿನವೂ ನೋಡಿರಲಿಲ್ಲ. ಸೊಪ್ಪು ಇಟ್ಟಮೇಲೆ ಗೋಡೆಗೆ ಕಿವಿ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಒಳಗೆ ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು.

ಆ ವರ್ಷ ಮೇಷ್ಟ್ರು ಹುಡುಗಿಯರೂ ಕೆಲಸ ನೋಡಬೇಕು ಎಂದು ಹಟ ಹಿಡಿದರು. ನಮ್ಮ ಹುಳು ಮನೆ ತೋರಿಸಿ ಎಂದು ತಾಂಬೂಲ ಹಿಡಿದು ನಮ್ಮ ಜಗಲಿಗೆ ಬಂದರು. ಅಜ್ಜಿ ತಾಂಬೂಲ ಮುಟ್ಟಲಿಲ್ಲ. ಹೆಣ್ಣುಮಕ್ಕಳು ಕೆಲಸ ನೋಡುವುದು ಗಂಡನ ಮನೆಗೆ ಹೋದಮೇಲೆ ಎಂದಳು. ಮೇಷ್ಟ್ರು ಎದ್ದು ಹೊರಟವರು, ಅಂಗಳದ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಕೈ ನೋಡಿ ನಿಂತುಬಿಟ್ಟರು. ಎಳೆಯದು ಒಂದು ಕಡೆ, ಬಲಿತದ್ದು ಒಂದು ಕಡೆ, ಒದ್ದೆಯದು ಒಂದು ಕಡೆ. ಅವಳು ಸೊಪ್ಪು ನೋಡುತ್ತಲೂ ಇರಲಿಲ್ಲ.

ಗಂಡ ಸತ್ತ ಹೆಣ್ಣಿನ ಹತ್ತಿರ ಹೊರಗಿನ ಗಂಡಸು ನೇರವಾಗಿ ಮಾತಾಡುವಂತಿರಲಿಲ್ಲ. ನಡುವೆ ಮಗು ಇರಬೇಕು. ನಾನು ಅಲ್ಲೇ ಇದ್ದೆ.

"ಮಗೂ, ನಿಮ್ಮತ್ತೇನ ಕೇಳು, ಹಸಿವು ಮರೆತುಹೋಗಿದ್ದು ಯಾವಾಗ ಅಂತ" ಎಂದರು ಮೇಷ್ಟ್ರು, ಕೊಡೆಯ ತುದಿಯಲ್ಲಿ ನೆಲ ಗೀರುತ್ತಾ.

ಅತ್ತೆ ತಲೆ ಎತ್ತಲಿಲ್ಲ. "ಹೇಳು ಕೂಸೇ, ಅಕ್ಕೂರಲ್ಲಿ ಹುಳಕ್ಕೆ ಸೊಪ್ಪಾಕುವಾಗ ಅಂತ" ಎಂದಳು. ಆಮೇಲೆ ಸೊಪ್ಪು ಬಿಡಿಸುತ್ತಲೇ, "ನಿಮ್ಮ ಮೇಷ್ಟ್ರನ್ನೂ ಕೇಳು. ಊರ ಮಕ್ಕಳಿಗೆಲ್ಲ ಕೇಳ್ತಾರಲ್ಲ, ಅವರಿಗೆ ಯಾವಾಗ ಮರೀತಂತೆ?"

ನಾನು ಕೇಳಿದೆ. ಮೇಷ್ಟ್ರು ಕಕ್ಕಾಬಿಕ್ಕಿಯಾದರು. ತಮ್ಮಪ್ಪನ ಬಟ್ಟೆ ಅಂಗಡಿ ಬೇಡವೆಂದು ಓಡಿಬಂದು, ಸಿಕ್ಕಿದ ಮೇಷ್ಟ್ರ ಕೆಲಸ ಹಿಡಿದವರು ಅವರು. ಸಾವನದುರ್ಗದ ದಿಕ್ಕಿಗೆ ಮುಖ ಮಾಡಿ ನಿಂತರು. ಉತ್ತರ ಸಿಗದಾಗ ಅವರು ಹಾಗೆ ಆ ದಿಕ್ಕಿಗೆ ನೋಡುತ್ತಿದ್ದರು.

ವಾರ ಕಳೆದು ಅವರು ಮತ್ತೆ ಬಂದರು. ಚನ್ನಪಟ್ಟಣದ ಕಡೆ ಸರ್ಕಾರದವರು ರೇಷ್ಮೆ ತೋಟ ತೆಗೆದಿದ್ದಾರೆ, ಅಲ್ಲಿ ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಭೂತಗನ್ನಡಿಯಲ್ಲಿ (ಈಗ ನೀವು ಮೈಕ್ರೋಸ್ಕೋಪು ಅನ್ನುವುದು) ನೋಡಿ ರೋಗ ಇದೆಯೋ ಇಲ್ಲವೋ ಹೇಳುವ ಕೆಲಸ ಕಲಿಸುತ್ತಾರೆ, ಹೆಂಗಸಾದರೂ ಆಗಬಹುದು, ಮನೆಯ ಹಿರಿಯರು ಕರೆತಂದು ಬಿಟ್ಟರೆ ಸಾಕು ಎಂದರು. ಅಪ್ಪ ಅಜ್ಜಿಯ ಮುಖ ನೋಡಿದ. ಅತ್ತೆ ಒಳಗೆ ಬಾಗಿಲ ಹಿಂದೆ ನಿಂತಿದ್ದಳು. ಅವಳ ಉಸಿರು ನನಗೆ ಕೇಳುತ್ತಿತ್ತು.

ಅಜ್ಜಿ ಎಲೆ ಮೆಲ್ಲುತ್ತಲೇ ಹೇಳಿದಳು: "ಈ ಬೆಳೆ ಕೈಗೆ ಬರ್ಲಿ. ಗೂಡು ಬಿಡಿಸಿದ ದಿನ ನಾನೇ ಗಾಡಿ ಕಟ್ಟಿಸ್ತೀನಿ. ಬೆಳೆ ಕೆಟ್ರೆ ಈ ಮಾತು ನಮ್ಮನೇಲಿ ಇನ್ನೊಂದು ಸಲ ಏಳಬಾರ್ದು."

ಅಲ್ಲಿಂದ ಮುಂದೆ ಅತ್ತೆಯ ಬದುಕು ಹುಳು ಮನೆಯ ಬಿದಿರು ತಟ್ಟೆಗಳಲ್ಲಿ ಇತ್ತು. ಅವಳು ಕತ್ತಲಿರುವಾಗಲೇ ಎದ್ದು ತೋಟಕ್ಕೆ ಹೋಗುತ್ತಿದ್ದಳು. ಒಂದು ಎಲೆಯ ಮೇಲೆ ಧೂಳಿದ್ದರೂ ಸೆರಗಿನಲ್ಲಿ ಒರೆಸುತ್ತಿದ್ದಳು. ಅವಳ ಮುಖದಲ್ಲಿ ನಗು ಬರತೊಡಗಿತ್ತು. ಅದನ್ನು ನೋಡಿ ಅಜ್ಜಿ, ಬೆಳೆ ಇನ್ನೂ ತಟ್ಟೆಯಲ್ಲಿದೆ, ಇಷ್ಟು ನಗಬಾರದು ಎಂದು ಅವ್ವನಿಗೆ ಹೇಳಿದಳು.

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆ ಎತ್ತಿ ಮಂಕಾಗಿ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಎಲ್ಲ ಹುಳುವೂ ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಏಳಬೇಕು. ಎರಡನೇ ಜ್ವರ ಕಳೆದ ಬೆಳಿಗ್ಗೆ ಅತ್ತೆ ಗೋಡೆಗೆ ಕಿವಿ ಇಟ್ಟವಳು ಬೇಗ ತೆಗೆಯಲಿಲ್ಲ. ಆಮೇಲೆ ಅವ್ವ ಹೊರಗೆ ಹಾಕಿದ ಕಸವನ್ನು ತಿಪ್ಪೆಯ ಹತ್ತಿರ ಕೂತು ಬಿಡಿಸಿದಳು. ಸೊಪ್ಪು ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಕಸದಲ್ಲಿ ಸಿಕ್ಕ ಹುಳುಗಳಲ್ಲಿ ಒಂದು ಅಕ್ಕಿಕಾಳಿನಷ್ಟು, ಒಂದು ಅದರ ಎರಡರಷ್ಟು. ಅತ್ತೆಯ ನಗು ಅಲ್ಲಿಗೆ ನಿಂತಿತು.

ಆ ದಿನ ಅವಳು ನನ್ನನ್ನು ಚಾವಡಿಗೆ ಓಡಿಸಿದಳು. ಮೇಷ್ಟ್ರಿಗೆ ಹೇಳಬೇಕಾದ ಮಾತು ಇಷ್ಟು: ಒಳಗೆ ಗಂಟುರೋಗ ಇರುವ ಹಾಗಿದೆ. ಇದ್ದರೆ ಎಲ್ಲವನ್ನೂ ಸುಡಬೇಕು. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುವ ರೋಗ. ನಮ್ಮ ಗೂಡು ಬಿತ್ತನೆಗೆ ಹೋದರೆ ಊರೂರಿಗೆ ಹೋಗುತ್ತದೆ. ಹೇಳಿದರೆ ನನ್ನ ಬಾಯಿಂದಲೇ ಬೆಳೆ ಕೆಟ್ಟಿತು ಅನ್ನುತ್ತಾರೆ, ಹೇಳದಿದ್ದರೂ ಬೆಳೆ ಕೆಡುತ್ತದೆ. ಏನು ಮಾಡಲಿ?

ಮೇಷ್ಟ್ರು ಪಾಠ ನಿಲ್ಲಿಸಿ ಕೇಳಿದರು. ಕೋಟಿನ ಗುಂಡಿ ಬಿಚ್ಚಿದರು, ಹಾಕಿದರು. ಕೊನೆಗೆ ಹೇಳಿದರು: "ಒಳಗೋಗಿ ನೋಡಲಿ ಅಂತ ಹೇಳು. ನೋಡದೆ ಹೇಳಿದ್ರೆ ಅದನ್ನ ಶಾಪ ಅಂತಾರೆ. ನೋಡಿ ಹೇಳಿದ್ರೆ ಕೆಲಸ ಅಂತಾರೆ."

ಅವರು ಹೇಳಿದ ಮಾತುಗಳಲ್ಲಿ ಪೂರ್ತಿ ತಪ್ಪಾದದ್ದು ಅದೊಂದೇ ಇರಬೇಕು.

ಅಜ್ಜಿ ನೆಂಟರ ಮನೆಯ ತಿಥಿಗೆ ಹೋದ ದಿನ ಮೇಷ್ಟ್ರು ಬಂದರು. ಕದ್ದು ಬರಲಿಲ್ಲ. ಹಾಡಹಗಲಲ್ಲಿ, ತಟ್ಟೆಯಲ್ಲಿ ಎಲೆ ಅಡಿಕೆ ಕಾಯಿ ಇಟ್ಟುಕೊಂಡು, ಊರ ಬೀದಿಯಲ್ಲೇ ಬಂದರು. ಶಾಸ್ತ್ರವಾಗಿ ನಡೆದರೆ ಶಾಸ್ತ್ರ ಕಾಯುತ್ತದೆ ಎಂದು ಅವರ ನಂಬಿಕೆ. ಅತ್ತೆ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲಿ ಬಂದು ನಿಂತಳು. ಮೇಷ್ಟ್ರು ಬೂದಿಯ ಗೆರೆಯ ಈಚೆ ಕಾಯಿ ಒಡೆದರು. ಕಾಯಿ ಬೆಳ್ಳಗೆ ಚೆನ್ನಾಗಿತ್ತು, ನನಗೂ ಒಂದು ಚೂರು ಕೊಟ್ಟರು. ಅದು ಕೊಳೆತಿತ್ತು ಎಂದು ಆಮೇಲೆ ಊರೆಲ್ಲ ಹೇಳಿದರು. ಅಲ್ಲಿ ಇಲ್ಲದವರೇ ಹೆಚ್ಚು ಹೇಳಿದರು. ನಮ್ಮವ್ವ ಬಾಗಿಲಲ್ಲಿ ನಿಂತಿದ್ದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅತ್ತೆ ಗೆರೆ ದಾಟಿದಳು. ನಾನು ಹೊರಗಿನಿಂದ ನೋಡಿದೆ. ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ಗವಾಕ್ಷಿಯ ಬೆಳಕಿಗೆ ಹಿಡಿದಳು. ಅದರ ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಇನ್ನೊಂದು ತಟ್ಟೆ, ಮತ್ತೊಂದು ತಟ್ಟೆ. ಕೆಳಗಿನ ಸಾಲು ಮುಗಿಸಿ ಮೇಲಿನ ಸಾಲಿಗೆ ಕೈ ಹಾಕಿದಳು. ಮೇಷ್ಟ್ರು ಅಂಗಳದ ಆಚೆ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಬಿಸಿಲು ಏರಿತು, ಇಳಿಯಿತು. ಅವಳನ್ನು ಊಟಕ್ಕೆ ಕರೆಯಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಅಪ್ಪ ಹೊಲದಿಂದ ಬಂದಾಗ ಅವಳು ಹೊರಗೆ ಬಂದು ನೇರವಾಗಿ ಹೇಳಿದಳು. "ಅಣ್ಣಯ್ಯ, ಗಂಟುರೋಗ ಹೊಕ್ಕೈತೆ. ಇವತ್ತೇ ಸುಟ್ಟುಬುಡು. ಯಾವುದಾದ್ರೂ ಉಳ್ಕೊಂಡು ಗೂಡು ಕಟ್ಟಿದ್ರೂ ಬಿತ್ತನೆಗೆ ಮಾತ್ರ ಕೊಡಬ್ಯಾಡ."

ಅಪ್ಪ ಒಮ್ಮೆ ಅವಳ ಒದ್ದೆ ಸೀರೆ ನೋಡಿದ, ಒಮ್ಮೆ ಅಳಿಸಿಹೋದ ಬೂದಿಯ ಗೆರೆ ನೋಡಿದ. ಸುಡುವ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ. "ಒಳಗೋಗಿದ್ಯಾ?" ಎಂದು ಮಾತ್ರ ಕೇಳಿದ.

ಅಜ್ಜಿ ಬಂದಮೇಲೆ ಕೂಗಾಟವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅವಳು ಹೊಸ ಬೂದಿ ತಂದು ಗೆರೆ ಎಳೆದಳು. ಆ ದಿನದಿಂದ ಅತ್ತೆಯ ಊಟದ ತಟ್ಟೆಯನ್ನೂ ಚಾಪೆಯನ್ನೂ ಕೊಟ್ಟಿಗೆಯಲ್ಲಿ ಇಡಿಸಿದಳು. ಅತ್ತೆಯ ಹೆಸರು ಹೇಳುವುದನ್ನು ಬಿಟ್ಟಳು, "ಅದಕ್ಕೆ ಊಟ ಇಟ್ಟೆಯಾ?" ಎಂದು ಅವ್ವನನ್ನು ಕೇಳುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವ್ವ ಮುಂದೆ ಎಷ್ಟೋ ಸಲ ಹೇಳಿದ್ದುಂಟು.

ನಾಲ್ಕನೇ ಜ್ವರಕ್ಕೆ ಕೂತ ಹುಳು ಅರ್ಧ ಏಳಲೇ ಇಲ್ಲ. ಕಪ್ಪಾಗಿ ಮೆತ್ತಗಾಗಿ ಸತ್ತವು. ಅವನ್ನು ಬುಟ್ಟಿಯಲ್ಲಿ ಹೊತ್ತು ಹಾಕುವಾಗ ಬೀದಿಯಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಮಾರನೆಯ ದಿನ ಚಾವಡಿಗೆ ಒಬ್ಬ ಹುಡುಗನೂ ಹೋಗಲಿಲ್ಲ. ನನ್ನನ್ನೂ ಬಿಡಲಿಲ್ಲ. ಮೇಷ್ಟ್ರ ಕಣ್ಣು ಬಿದ್ದರೆ ಬೆಳೆ ಒಣಗುತ್ತದೆ, ಅವರು ಕೈ ನೋಡುತ್ತಿದ್ದದ್ದು ಇದಕ್ಕೇ ಎಂದರು. ಮೇಷ್ಟ್ರು ಮಾತ್ರ ದಿನವೂ ಬಂದು, ಗುಡಿಸಿ, ಖಾಲಿ ನೆಲದ ಎದುರು ಸಂಜೆವರೆಗೆ ಕೂತು ಹೋಗುತ್ತಿದ್ದರು.

ಉಳಿದ ಅರ್ಧ ಹುಳು ಗೂಡು ಕಟ್ಟಿತು. ಗೂಡು ಸ್ವಲ್ಪ ತೆಳ್ಳಗಿತ್ತು, ಆದರೂ ಗೂಡೇ. ರೋಗ ಹುಳುವಿನಲ್ಲಿದೆ ಎಂದು ಒಪ್ಪಿದರೆ ಉಳಿದದ್ದನ್ನೂ ಸುಡಬೇಕಿತ್ತು. ಕೆಟ್ಟದ್ದು ಅತ್ತೆಯ ನೋಟದಿಂದ ಎಂದರೆ, ಉಳಿದದ್ದು ಆ ನೋಟಕ್ಕೂ ಜಗ್ಗದ ಗೂಡು. ಅಂಥ ಗಟ್ಟಿ ಬೀಜ ಎಲ್ಲಿ ಸಿಗುತ್ತದೆ? ಮೊದಲು ಯಾರು ಹಾಗೆ ಹೇಳಿದರೋ ಗೊತ್ತಿಲ್ಲ. ಎರಡು ಸಂತೆ ಕಳೆಯುವುದರೊಳಗೆ ನಮ್ಮ ಗೂಡಿನ ಹೆಸರು ಹರಡಿತು. ಗುಡೇಮಾರನಹಳ್ಳಿ ಕಡೆಯಿಂದ, ಕನಕಪುರದ ಕಡೆಯಿಂದ, ನಮ್ಮ ಮನೆ ಕಾಣದಿದ್ದವರೆಲ್ಲ ಬಿತ್ತನೆ ಗೂಡು ಕೇಳಿಕೊಂಡು ಬಂದರು. ಅಪ್ಪ ಎಲ್ಲರಿಗೂ ಕೊಟ್ಟ. ಕೊಟ್ಟಿಗೆಯಿಂದ ಅತ್ತೆ, "ಅಣ್ಣಯ್ಯ, ಬ್ಯಾಡ ಕಣೋ" ಎಂದು ಕೂಗಿದ್ದು ನನಗೆ ಕೇಳಿಸಿತು. ಬಂದವರಿಗೂ ಕೇಳಿಸಿತು. ಅವರು ತಮ್ಮ ಬುಟ್ಟಿಗಳನ್ನು ಬೇಗ ಬೇಗ ತುಂಬಿಕೊಂಡರು.

ಹಾಗೆ ಅವರು ತುಂಬಿಕೊಂಡ ಬೆಳಿಗ್ಗೆಯೇ ಮೇಷ್ಟ್ರು ನಮ್ಮ ಬಾಗಿಲಿಗೆ ಒಂದು ಗಾಡಿ ತಂದು ನಿಲ್ಲಿಸಿದರು. ಹೆಣ್ಣು ಒಂಟಿಯಾಗಿ ಬರಬಾರದೆಂದು ಮಾಗಡಿಯಿಂದ ತಮ್ಮ ಮುದಿ ತಾಯಿಯನ್ನು ಕರೆತಂದು ಗಾಡಿಯಲ್ಲಿ ಕೂರಿಸಿದ್ದರು. ತಾವು ಶಾಲೆ ಬಿಟ್ಟಿದ್ದಾಗಿ ಅಪ್ಪನಿಗೆ ಹೇಳಿದರು. ಆಮೇಲೆ ಅಂಗಳ ದಾಟಿ ಕೊಟ್ಟಿಗೆಯ ಬಾಗಿಲಿಗೆ ಹೋದರು. ನಾನು ಓಡಿಹೋಗಿ ನಡುವೆ ನಿಂತೆ, ಯಾವಾಗಿನಂತೆ ಮಾತು ಸಾಗಿಸಲು. ಅವರು ನನ್ನ ತಲೆಯ ಮೇಲೆ ಕೈ ಇಟ್ಟು ಪಕ್ಕಕ್ಕೆ ಸರಿಸಿದರು. ಮೊದಲ ಸಲ ಅತ್ತೆಯ ಮುಖ ನೋಡಿದರು.

"ನನ್ನಿಂದ ಹಿಂಗಾಯ್ತು ತಾಯಿ. ಚನ್ನಪಟ್ಟಣಕ್ಕೆ ಗಾಡಿ ಐತೆ. ಬರ್ತೀಯಾ?"

"ಬತ್ತೀನಿ" ಎಂದಳು ಅತ್ತೆ, ಅವರಿಗೇ.

ಅಪ್ಪ ಬಾಯಿ ತೆಗೆಯುವಷ್ಟರಲ್ಲಿ ಅಜ್ಜಿ ಒಳಗಿನಿಂದ, ಹೋಗಲಿ, ಆದರೆ ಹೋದವಳು ಈ ಮನೆಯ ಕಡೆ ತಿರುಗಿ ನೋಡಬಾರದು ಎಂದಳು. ತಾನು ಬಯಸಿದ ಕೆಲಸಕ್ಕೆ ಅತ್ತೆ ಹೊರಟದ್ದು ಹೀಗೆ. ಬೆಳೆ ಚೆನ್ನಾಗಿ ಬಂದು, ಮನೆಯವರು ಹರಸಿ ಕಳಿಸಿ ಹೋದದ್ದಲ್ಲ. ಊರಿಗೆ ಅಂಟಿದ್ದನ್ನು ಊರಾಚೆ ಹಾಕುವ ಹಾಗೆ ಹಾಕಿದರು. ಅವಳು ತಿರುಗಿ ನೋಡಲಿಲ್ಲ.

ಕೆರೆಯ ಏರಿಯವರೆಗೆ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡರು. ಏರಿಯ ಮೇಲೆ ಗೂಡು ಕೊಂಡವರು ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಎತ್ತಿಗೆ ನೀರು ಕುಡಿಸುತ್ತಿದ್ದರು. ಮೇಷ್ಟ್ರು ಇಳಿದು ಅವುಗಳ ಮುಂದೆ ಹೋಗಿ ಕೈ ಮುಗಿದು ನಿಂತರು.

"ಅಪ್ಪಗಳಿರಾ, ಈ ಗೂಡು ನೂಲಿಗೆ ಹಾಕಿ, ಬಿತ್ತನೆಗೆ ಬೇಡ. ರೋಗ ಐತೆ. ನಿಮ್ಮ ಮನೆಗೆಲ್ಲ ಬರುತ್ತೆ."

ಗಾಡಿಯವರಲ್ಲಿ ಹಿರಿಯನೊಬ್ಬ ಒಳ್ಳೆಯ ಮಾತಿನಲ್ಲೇ ಹೇಳಿದ: "ಮೇಷ್ಟ್ರೇ, ನಿಮ್ಮ ಇಚಾರ ಕೇಳಿದ್ದೀವಿ. ಒಸಿ ಆ ಕಡೆ ನಿಂತ್ಕಳಿ, ಗಾಡಿ ಹೋಗ್ಬೇಕು."

ಹೇಳುತ್ತಲೇ ತನ್ನ ಹೆಗಲ ಮೇಲಿದ್ದ ಕಂಬಳಿ ತೆಗೆದು ಬುಟ್ಟಿಗಳ ಮೇಲೆ ಹೊದಿಸಿದ. ಅದನ್ನು ನೋಡಿ ಹಿಂದಿನ ಗಾಡಿಯವರೂ ತಮ್ಮ ತಮ್ಮ ಕಂಬಳಿ ಹೊದಿಸಿದರು. ಮೇಷ್ಟ್ರ ಕಣ್ಣಿಗೂ ಅತ್ತೆಯ ಕಣ್ಣಿಗೂ ಒಂದು ಗೂಡೂ ಬೀಳದ ಹಾಗೆ ಮುಚ್ಚಿಕೊಂಡು ಆ ಗಾಡಿಗಳು ನಮ್ಮ ಪಕ್ಕದಲ್ಲೇ ಹಾದುಹೋದವು. ಏರಿಯ ಕೊನೆಯಲ್ಲಿ ದಾರಿ ಕವಲೊಡೆಯುತ್ತಿತ್ತು. ಒಂದು ಗಾಡಿ ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ಹೋಯಿತು.

ಅತ್ತೆ ನನ್ನನ್ನು ಕೆಳಗಿಳಿಸಿ ಕೆನ್ನೆ ಹಿಡಿದಳು. "ನೀನು ಕಂಡಿದ್ದನ್ನ ಮನೇಲಿ ಹೇಳಬ್ಯಾಡ ಕೂಸೇ. ಹೇಳಿದ್ರೆ ನಿನ್ನನ್ನೂ ಅಂತಾರೆ" ಎಂದಳು.

ಮುಂದಿನ ಬೆಳೆಯ ಹೊತ್ತಿಗೆ ಆ ಊರುಗಳಿಂದ ಸುದ್ದಿ ಬರತೊಡಗಿತು. ಮೊದಲು ಒಂದು ಊರು, ಆಮೇಲೆ ಅದರ ಪಕ್ಕದ್ದು. ಹುಳು ಏರುಪೇರಾಗಿದೆ, ಜ್ವರದಿಂದ ಏಳುತ್ತಿಲ್ಲ, ಮೈಮೇಲೆ ಚುಕ್ಕೆ. ಸುದ್ದಿಯ ಜೊತೆಗೆ ಪ್ರತಿ ಊರಿನಿಂದಲೂ ಒಬ್ಬ ಹೆಂಗಸಿನ ಮಾತು ಬರುತ್ತಿತ್ತು. ಒಂದು ಕಡೆ ಗಂಡ ಸತ್ತವಳು, ಒಂದು ಕಡೆ ಮಕ್ಕಳಾಗದವಳು, ಒಂದು ಕಡೆ ಹೊಸದಾಗಿ ಮದುವೆಯಾಗಿ ಬಂದ, ನನಗಿಂತ ಸ್ವಲ್ಪ ದೊಡ್ಡ ಹುಡುಗಿ. ಅವಳು ಹುಳು ಮನೆಯ ಮುಂದೆ ಹಾದುಹೋಗಿದ್ದಳಂತೆ, ಅಷ್ಟೇ.

ನನ್ನನ್ನು ಚನ್ನಪಟ್ಟಣದ ಕಡೆಗೇ ಕೊಟ್ಟರು. ಆಮೇಲೆ ಅತ್ತೆಯನ್ನು ನೋಡುವುದು ಸಾಧ್ಯವಾಯಿತು. ಸರ್ಕಾರದ ರೇಷ್ಮೆ ತೋಟದಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಒಂದು ಕಣ್ಣು ಮುಚ್ಚಿ ಭೂತಗನ್ನಡಿಗೆ ಬಾಗಿರುತ್ತಿದ್ದಳು. ನಾನು ಬಂದು ನಿಂತದ್ದು ಬಹಳ ಹೊತ್ತಿನವರೆಗೆ ಅವಳಿಗೆ ತಿಳಿಯುತ್ತಿರಲಿಲ್ಲ. ಆ ಕೆಲಸದಲ್ಲಿ ಅವಳಿಗೆ ತೃಪ್ತಿ ಇತ್ತು, ಸುಳ್ಳು ಹೇಳಲಾರೆ. ಮೇಷ್ಟ್ರ ವಿಷಯ ಕೇಳಿದೆ. ಅವರು ಬೇರೆ ಶಾಲೆಗೆ ಹೋಗಲಿಲ್ಲವಂತೆ. ರೋಗವಿಲ್ಲದ ಮೊಟ್ಟೆಯನ್ನು ತೋಟದಿಂದ ಒಯ್ದು ಹಳ್ಳಿಗಳಿಗೆ ಹಂಚುವ ಕೆಲಸ ಕೇಳಿಕೊಂಡು ಹಿಡಿದಿದ್ದರು. ನಮ್ಮ ಗೂಡು ಯಾವ ಯಾವ ದಾರಿಯಲ್ಲಿ ಹೋಗಿತ್ತೋ ಅದೇ ದಾರಿಯಲ್ಲಿ, ಒಂದು ಊರು ಬಿಡದೆ, ನಡೆಯುತ್ತಿದ್ದರು. ಬಹಳ ಊರುಗಳಲ್ಲಿ ಮೊಟ್ಟೆ ತೆಗೆದುಕೊಳ್ಳುತ್ತಿರಲಿಲ್ಲ. ಕೆಲವು ಕಡೆ ಕಲ್ಲು ಬಿತ್ತು.

ಊರು ಹೊಕ್ಕ ಕೂಡಲೇ ಅವರು ಮೊಟ್ಟೆಯ ಮಾತು ಎತ್ತುತ್ತಿರಲಿಲ್ಲವಂತೆ. ಜಗಲಿಯ ಹತ್ತಿರ ನಿಂತು, "ಈ ಸಲ ಯಾರನ್ನ ಹೊರಗಿಟ್ಟಿದ್ದೀರಿ?" ಎಂದು ಕೇಳುತ್ತಿದ್ದರಂತೆ. ತೋರಿಸಿದರೆ, ಅವಳು ಬರುತ್ತೇನೆಂದರೆ, ಜೊತೆಯಲ್ಲಿ ಕರೆತರುತ್ತಿದ್ದರು. ಅತ್ತೆಯ ಪಕ್ಕದ ಮೇಜುಗಳಲ್ಲಿ ಹಾಗೆ ಬಂದ ಇಬ್ಬರನ್ನು ನಾನೇ ಕಂಡಿದ್ದೇನೆ. ಕೆಲವು ಊರುಗಳಲ್ಲಿ ಮಾತ್ರ ಆ ಪ್ರಶ್ನೆ ಕೇಳಿದ ಕೂಡಲೇ ಜಗಲಿಯ ಮೇಲಿದ್ದವರೆಲ್ಲ, ಊರು ನೀರು ಸೇದುವುದನ್ನು ಬಿಟ್ಟ ಬಾವಿಯ ಕಡೆ ನೋಡುತ್ತಿದ್ದರಂತೆ.